ಮುಚ್ಚಿಟ್ಟ ಮೊಮ್ಮಗಳು

ಶಾಲೆಯ ವ್ಯಾನು ಓಡಿಸುವ ಅವನಿಗೆ ಮಕ್ಕಳು ಇಟ್ಟ ಹೆಸರು ಹಾರ್ನ್ ತಾತ. ಮೊಮ್ಮಕ್ಕಳಿಲ್ಲದೆಯೇ ತಾತನಾದವನು. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವ ಆಸಾಮಿಯಲ್ಲ. ಅವನಿಗೆ ಹಲ್ಲುನೋವು ಬಂದರೂ ಇಡೀ ಬೀದಿಗೆ ಗೊತ್ತಾಗಬೇಕು.

ಅಂಥವನಿಗೆ ರಾಮನವಮಿಯ ಬೆಳಿಗ್ಗೆ ಮೊಮ್ಮಗಳು ಹುಟ್ಟಿದಳು. ಮಗನ ಮದುವೆಯಾದಾಗಿನಿಂದ ಬಾಯಿಬಿಟ್ಟುಕೊಂಡು ಕಾದದ್ದು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಅಣ್ಣನಿಗೆ ಫೋನ್ ಮಾಡಿದ.

"ಅಣ್ಣಾ, ಹೆಣ್ಣು ಮಗು! ತಾಯಿ ಮಗು ಇಬ್ರೂ ಚೆನ್ನಾಗಿದಾರೆ!"

"ಮೆಲ್ಲಗೆ ಮಾತಾಡೋ! ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ, ನಿಂಗೇ ಮೊದಲು."

"ಹಾಗಾದ್ರೆ ಬಾಯಿ ಮುಚ್ಕೊಂಡಿರು. ಗೊತ್ತಾದ್ರೆ ಪುರುಡು ಅಂತಾರೆ, ನಾನು ರಾಮನ ತೊಟ್ಟಿಲು ಮುಟ್ಟೋ ಹಾಗಿಲ್ಲ. ನಾಳೆ ಹುಟ್ತು ಅಂತ ಹೇಳಿದ್ರಾಯ್ತು."

ಹಬ್ಬದ ಸಮಿತಿಗೆ ಅಣ್ಣನೇ ಅಧ್ಯಕ್ಷ. ನಡುಮಧ್ಯಾಹ್ನ, ರಾಮ ಹುಟ್ಟಿದ ಗಳಿಗೆಗೆ, ತೊಟ್ಟಿಲ ಹಗ್ಗ ಎಳೆಯುವವನೂ ಅವನೇ. ಮನೆಯಲ್ಲಿ ಮಗು ಹುಟ್ಟಿದರೆ ಮೈಲಿಗೆ, ದೇವರ ಹತ್ತಿರ ಸುಳಿಯುವಂತಿಲ್ಲ. ಹುಟ್ಟಿದ ದೇವರನ್ನು ತೂಗುವುದಕ್ಕೆ ಹುಟ್ಟಿದ ಮಗುವನ್ನು ಬಚ್ಚಿಡಬೇಕಂತೆ! ಹಾರ್ನ್ ತಾತನಿಗೆ ಥೂ ಅನ್ನಿಸಿತು. ಆದರೆ ಅಣ್ಣನ ಮಾತು ಮೀರಿ ಅಭ್ಯಾಸವಿರಲಿಲ್ಲ. ತೆಪ್ಪಗೆ ಹೋಗಿ ಹಬ್ಬದ ಸಭಾಂಗಣದ ಕಂಬಕ್ಕೆ ಒರಗಿ ನಿಂತ. ತನ್ನ ಮೇಲೂ ಅಸಹ್ಯವಾಯಿತು.

ಗೇಣುದ್ದದ ಹಿತ್ತಾಳೆ ಬೊಂಬೆ, ಅದಕ್ಕೆ ರೇಷ್ಮೆ ಹಾಸಿಗೆ. ಅಣ್ಣ ಹಗ್ಗ ಎಳೆಯುತ್ತಿದ್ದ. ಕಣ್ಣಲ್ಲಿ ನೀರು. "ಎಂಥಾ ಭಕ್ತಿ!" ಎಂದು ಹೆಂಗಸರು ಲೊಚಗುಟ್ಟಿದರು. ಪಕ್ಕದ ಮನೆಯಾಕೆ ಕೇಳಿದಳು: "ತಮ್ಮನ ಸೊಸೆಗೆ ದಿನ ತುಂಬಿತ್ತಲ್ಲ, ಹೆರಿಗೆ ಆಯ್ತಾ?"

ಹಗ್ಗ ಬಿಡದೆಯೇ ಅಣ್ಣ ಅಂದ: "ಎಲ್ಲಿ ಬಂತು! ಇನ್ನೂ ಇಲ್ಲ ಕಣಮ್ಮ."

ಹಾರ್ನ್ ತಾತ ಕಂಬ ಬಿಟ್ಟು ಮುಂದೆ ಬಂದ. ಬೆಳಿಗ್ಗೆ ಅವನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ ಜೀವ ಅದು.

"ಸುಳ್ಳು! ಬೆಳಿಗ್ಗೆನೇ ಆಯ್ತು. ಮೊಮ್ಮಗಳು! ಕಣ್ಣು ಬಿಟ್ಟು ನನ್ನ ನೋಡಿದಾಳೆ!"

ಒಬ್ಬರಾದರೂ ಹರಸುತ್ತಾರೆಂದು ಕಾದ. ಎಲ್ಲರೂ ಸೀರೆ, ಪಂಚೆ ಎತ್ತಿಕೊಂಡು ಹಿಂದೆ ಸರಿದರು. "ಅಯ್ಯೋ, ತೊಟ್ಟಿಲು ಮುಟ್ಬಿಟ್ರಲ್ಲಪ್ಪ!" ಎಂದು ಯಾರೋ ನೀರು ತರಲು ಓಡಿದರು.

"ನನ್ನ ಮಾನ ಕಳೆದ್ಯಲ್ಲೋ," ಅಣ್ಣ ಹಲ್ಲು ಕಡಿದ.

ಹಾರ್ನ್ ತಾತ ಕೈಯಲ್ಲಿದ್ದ ಪ್ರಸಾದವನ್ನು ಅಲ್ಲೇ ಕಟ್ಟೆಯ ಮೇಲಿಟ್ಟ. "ನೀವ್ಯಾರೂ ನಮ್ಮನ್ನ ಮುಟ್ಟಬೇಡಿ," ಎಂದ. "ಮಗು ಹುಟ್ಟಿರೋ ಮನೆಯವರು ನಾವು."

ಹಿಂದೆ ತೊಟ್ಟಿಲಿಗೆ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅವನು ವ್ಯಾನು ಹತ್ತಿ ಬೀದಿಯುದ್ದಕ್ಕೂ ಹಾರ್ನ್ ಒತ್ತುತ್ತಲೇ ಹೋದ. ಆಸ್ಪತ್ರೆಯ ತಿರುವು ಬಂದಾಗ ಮಾತ್ರ ಕೈ ತೆಗೆದ. ಮಗು ಮಲಗಿರಬಹುದು.