ಸುಮ್ಮನೆ ಓದುತ್ತಿದ್ದ ಶರಣಮ್ಮ

ಬೆಳಿಗ್ಗೆ ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿದ್ದೆ. ಕಾಲೇಜಿನಿಂದ ಫೋನ್ ಬಂತು...
"ಶರಣಮ್ಮ ಹೋದ್ರಂತ್ರೀ ಮೇಡಂ."
"ಎಲ್ಲಿಗೆ?" ಎಂದು ಕೇಳಿದೆ.
ಅರ್ಥವಾಗಿತ್ತು... ಆದರೂ ಹಾಗೇ ಕೇಳಿದೆ.

ಶನಿವಾರ ಮಾನ್ವಿಯಿಂದ ಒಂದೇ ಬಸ್ಸಿನಲ್ಲಿ ಬಂದಿದ್ದೆವು.
ಕಲ್ಲೂರಿನಲ್ಲಿ ಇಳಿಯುವಾಗ "ಸೋಮಾರ ಸಿಗೂಣ್ರೀ" ಎಂದಿದ್ದರು.
ಇವತ್ತು ಸೋಮವಾರ.
ನಸುಕಿನಲ್ಲಿ ಎದೆನೋವು ಎಂದರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ...

ಗೆಳೆಯರೇ, ಶರಣಮ್ಮ ನಿಮಗೆ ಗೊತ್ತಿರಲಿಕ್ಕಿಲ್ಲ.
ಮಾನ್ವಿಯಲ್ಲಿ ನಾನು ಕನ್ನಡ ಪಾಠ ಮಾಡುವ ಕಾಲೇಜಿನ ಅಟೆಂಡರ್.
ಕಲ್ಲೂರಿನ ಕುರುಬರ ಮನೆಯವರು. ಏಳನೇ ಕ್ಲಾಸ್ ಪಾಸು.
ಗಂಡ ತೀರಿದ ಮೇಲೆ ದುಡಿದು ಇಬ್ಬರು ಗಂಡುಮಕ್ಕಳನ್ನು ಬೆಳೆಸಿದವರು.

ನನ್ನದೊಂದು ನಾಚಿಕೆಯ ವಿಷಯ ಹೇಳಿಬಿಡುತ್ತೇನೆ...
ಎಂ.ಎ. ಮಾಡಿದವಳು ನಾನು. ಆದರೆ ಕೆಲಸ ಸಿಕ್ಕ ಮೇಲೆ ಸಿಲಬಸ್ಸಿನ ಹೊರಗಿನ ಒಂದು ಪುಸ್ತಕವನ್ನೂ ಓದಿರಲಿಲ್ಲ.
ಅಪ್ಪ ದೇವದುರ್ಗದಲ್ಲಿ ಕಲ್ಲು ಒಡೆಯುತ್ತಿದ್ದ.
"ಓದವ್ವಾ, ಓದಿದ್ರ ಬಿಸಲಾಗ ನಿಂದ್ರೂದು ತಪ್ತದ" ಅನ್ನುತ್ತಿದ್ದ.
ಓದಿದೆ. ಬಿಸಿಲು ತಪ್ಪಿತು. ಅಲ್ಲಿಗೆ ಓದೂ ನಿಂತಿತು...

ಮೂರು ವರ್ಷದ ಹಿಂದೆ ಶರಣಮ್ಮ ಒಂದು ಹಳೆಯ ಕಾದಂಬರಿ ಹಿಡಿದು ಸ್ಟಾಫ್ ರೂಮಿಗೆ ಬಂದರು.
ಲೈಬ್ರರಿಯ ಧೂಳು ಒರೆಸುವಾಗ ನಿಂತಲ್ಲೇ ನಾಲ್ಕು ಸಾಲು ಓದಿದ್ದರಂತೆ.
"ಬಿಡಲೇ ಇಲ್ರೀ ಮೇಡಂ ಅದು."
ಕೆಲಸದ ನಡುವೆ ಬಿಡುವು ಸಿಕ್ಕಾಗಲೆಲ್ಲ ಅಕ್ಷರ ಕೂಡಿಸಿ ಕೂಡಿಸಿ, ಹದಿನೈದು ದಿನ ಓದಿದ್ದರು.
ಕೊನೆಯ ಎರಡು ಹಾಳೆ ಹರಿದುಹೋಗಿದ್ದವು.

ಕಥೆಯನ್ನು ಅವರೇ ಹೇಳಿದರು. ಹೊಳೆಯಲ್ಲಿ ಹರಿಗೋಲು ನಡೆಸುವ ಒಬ್ಬ ಹೆಂಗಸು. ಅವಳನ್ನು ಬಿಟ್ಟುಹೋದ ಗಂಡ ಎಷ್ಟೋ ವರ್ಷದ ಮೇಲೆ ಬಂದು ಆಚೆ ದಡದಲ್ಲಿ ನಿಂತು ಕೂಗುತ್ತಾನೆ...
"ಮುಂದ ಏನಾಗ್ತದ್ರೀ? ನೀವು ಓದಿರ್ತೀರಲ್ಲ."

ಕನ್ನಡದ ಮೇಡಂ ನಾನು. ಓದಿಲ್ಲ ಎನ್ನಲು ಬಾಯಿ ಬರಲಿಲ್ಲ.
"ಹೋಗಿ ಕರಕೊಂಡು ಬರ್ತಾಳ್ರೀ. ಆಮ್ಯಾಲ ಚೆಂದಾಗಿ ಬಾಳ್ತಾರ" ಎಂದುಬಿಟ್ಟೆ.
ಶರಣಮ್ಮ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು.
"ಇಲ್ರೀ ಮೇಡಂ... ಅಕಿ ಅಂಥಾಕಿ ಅಲ್ಲ."

ಸಂಜೆ ಆ ಪುಸ್ತಕ ಹಿಡಿದೇ ಬಸ್ ಹತ್ತಿದೆ. ಹೇಳಿದ ಸುಳ್ಳನ್ನು ಹೇಗೆ ಸರಿಮಾಡಲಿ ಎಂದು ನೋಡಲು, ಅಷ್ಟೇ.
ಕಲ್ಲೂರಿನಲ್ಲಿ ಶರಣಮ್ಮ ಇಳಿದದ್ದೂ ತಿಳಿಯಲಿಲ್ಲ.
ರಾಯಚೂರಿನಲ್ಲಿ ಇಳಿದವಳು ಮನೆಗೆ ಹೋಗದೆ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತುಬಿಟ್ಟೆ.
ಇದರ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಯಾರೂ ಮಾರ್ಕ್ಸ್ ಕೊಡುವುದಿಲ್ಲ...
ಆದರೂ ಪುಟ ತಿರುಗಿಸುತ್ತಲೇ ಇದ್ದೆ.
ಮೂವತ್ತೆಂಟನೇ ವಯಸ್ಸಿನಲ್ಲಿ, ಮೊದಲ ಸಲ.

ಮರುದಿನ ಒಪ್ಪಿಕೊಂಡೆ. "ನಾ ಸುಳ್ಳು ಹೇಳಿದ್ದೆ ಶರಣಮ್ಮ. ಓದಿದ್ದಿಲ್ಲ."
"ಗೊತ್ತಾತ್ರೀ" ಎಂದರು. "ಓದಿದ್ರ ಅಕಿ ಬಗ್ಗೆ ಹಂಗ ಅಂತಿದ್ದಿಲ್ಲ ನೀವು."

ಹಬ್ಬಕ್ಕೆ ತವರಿಗೆ ಹೋದಾಗ ದೇವದುರ್ಗದ ನಿವೃತ್ತ ಮಾಸ್ತರರೊಬ್ಬರ ಮನೆಯಲ್ಲಿ ಇನ್ನೊಂದು ಪ್ರತಿ ಸಿಕ್ಕಿತು. ಕೊನೆಯ ಪುಟ ಮುಟ್ಟದೆ ಹಾಗೇ ತೆಗೆದುಕೊಂಡು ಬಂದೆ. ಬಸ್ಸಿನಲ್ಲಿ ಇಬ್ಬರೂ ತಲೆ ಕೂಡಿಸಿ ಓದಿದೆವು.
ಅವಳು ಹೋಗುತ್ತಾಳೆ. ಗಂಡನನ್ನು ಈಚೆ ದಡಕ್ಕೆ ತಂದು ಇಳಿಸುತ್ತಾಳೆ. ಒಂದು ಮಾತೂ ಆಡುವುದಿಲ್ಲ. ಆಚೆ ಕಾಯುತ್ತಿರುವ ಜನರನ್ನು ಕರೆತರಲು ಹರಿಗೋಲು ತಿರುಗಿಸುತ್ತಾಳೆ...

ಶರಣಮ್ಮ, ಎಷ್ಟು ನಕ್ಕಿರಿ ನೀವು ಆವತ್ತು.
"ಇಬ್ರದೂ ತಪ್ಪಾತಲ್ರೀ ಮೇಡಂ. ಅಕಿ ಹೋಗಾಂಗಿಲ್ಲ ಅಂತಿದ್ದೆ ನಾ."

ಆಮೇಲೆ ಎಷ್ಟು ಪುಸ್ತಕ, ಎಷ್ಟು ಜನರ ಬದುಕು... ಎಲ್ಲ ಮಾನ್ವಿ ಮತ್ತು ಕಲ್ಲೂರಿನ ನಡುವೆ.
ಕಥೆಯಲ್ಲಿ ಯಾರಿಗಾದರೂ ಕೇಡು ಬರುತ್ತದೆ ಎನಿಸಿದರೆ ಪುಸ್ತಕ ಮುಚ್ಚಿ ಕಿಟಕಿಯಾಚೆ ನೋಡುತ್ತಿದ್ದಿರಿ.
ಬೇಜಾರಾದ ಪುಸ್ತಕವನ್ನು "ಇದು ನಮ್ಮ ಸ್ಟಾಫ್ ಮೀಟಿಂಗ್ ಇದ್ದಂಗ ಅದ" ಎಂದು ವಾಪಸ್ ಕೊಡುತ್ತಿದ್ದಿರಿ.
ನಾನು ಕದ್ದು ಮುಂದೆ ಓದಿದ್ದರೆ ಮುಖ ನೋಡಿಯೇ ಹಿಡಿಯುತ್ತಿದ್ದಿರಿ.

ಒಬ್ಬಳೇ ಓದುವುದು ನನಗೀಗ ಬರುತ್ತದೆ ಶರಣಮ್ಮ...
ಓದಿದ ಮೇಲೆ ಯಾರಿಗೆ ಹೇಳಲಿ?
ನಿನ್ನೆ ಒಂದು ಕಾದಂಬರಿ ಮುಗಿಸಿದ್ದೆ. ಇವತ್ತು ನೀವು ಬಸ್ ಹತ್ತಿದ ಕೂಡಲೇ ಹೇಳಬೇಕೆಂದು ಬೆಳಗಿನಿಂದ ಮಾತು ಜೋಡಿಸಿಕೊಳ್ಳುತ್ತಿದ್ದೆ.

ಮಾನ್ವಿಗೆ ಹೋಗಲಿಲ್ಲ. ಕಲ್ಲೂರಿನಲ್ಲೇ ಇಳಿದೆ.
ಹಿರಿಯ ಮಗ ಎದುರು ಬಂದ. "ಯಾರ್ರೀ ಅಕ್ಕಾರ ನೀವು?"
"ಕಾಲೇಜಿನಾಕಿ. ನಿಮ್ಮವ್ವ ನಾ ಕೂಡಿ ಓದ್ತಿದ್ವಿ."
ಅವನಿಗೆ ತಿಳಿಯಲಿಲ್ಲ. "ನಮ್ಮವ್ವ ಯಾವ ಪರೀಕ್ಷಿ ಕಟ್ಟಿದ್ಳ್ರೀ?"
"ಪರೀಕ್ಷಿ ಅಲ್ಲಪಾ. ಕತಿ ಪುಸ್ತಕ. ಅಕಿಗೆ ಸೇರ್ತಿತ್ತು, ಓದ್ತಿದ್ಲು."

ತುಂಬಾ ಹೊತ್ತು ತಾಯಿಯ ಮುಖವನ್ನೇ ನೋಡುತ್ತ ನಿಂತ.
"ಮನ್ಯಾಗ ಒಂದಿನ ಪುಸ್ತಕ ಹಿಡಿದಿದ್ದು ನೋಡಿಲ್ರೀ ನಾವು. ಬಂದಾಕೀನ ರೊಟ್ಟಿ ಬಡ್ಯಾಕ ಕುಂದುರ್ತಿದ್ಲು... ನಾವರ ಎಲ್ಲಿ ಬಿಟ್ವಿ ಅಕಿಗೆ."

ಮಣ್ಣು ಮುಗಿದು ಜನ ಕರಗಿದ ಮೇಲೆ ಮತ್ತೆ ಹತ್ತಿರ ಬಂದ.
"ಅಕ್ಕಾರ... ಅವ್ವ ಓದಿದ್ರಾಗ ಒಂದು ಹೇಳ್ರಿ."

ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ಹೇಳಿದೆ. ತನ್ನ ಮದುವೆಗೇ ತಡವಾಗಿ ಬಂದ ಒಬ್ಬ ಮದುಮಗನ ಕಥೆ. ಸೊಸೆಯೂ ಬಂದು ಕೂತಳು.
ಸೂತಕದ ಮನೆಯಲ್ಲಿ ಅಂಥ ಕಥೆ ಹೇಳಬಹುದೋ ಇಲ್ಲವೋ... ಯೋಚಿಸಲಿಲ್ಲ.
ಅರ್ಧಕ್ಕೆ ಬಂದಿದ್ದೆ. ಮಗ ಕೈಯೆತ್ತಿ ನನ್ನನ್ನು ನಿಲ್ಲಿಸಿದ.
"ಇಲ್ಲಿ ನಕ್ಕಿರ್ತಾಳ ನೋಡ್ರಿ, ನಮ್ಮವ್ವ."

ಹೌದು. ಸರಿಯಾಗಿ ಅಲ್ಲೇ ನಕ್ಕಿದ್ದರು.

ಹೋಗಿ ಬರ್ರಿ ಶರಣಮ್ಮ...
ನಿಮ್ಮ ಜೀವ ತಂಪಾಗಿರಲಿ.
🙏