ದಬದಬಿಯ ಹಿಂದಿನ ಕೂಗು

ಶಹಾಪುರದ ಗುಡ್ಡದ ಮೇಲೆ ಮಳೆಗಾಲದಲ್ಲಿ ಮಾತ್ರ ನೀರು ಧುಮುಕುವ ಒಂದು ಜಾಗವಿದೆ. ಆ ಸದ್ದಿನಿಂದಲೇ ನಮ್ಮ ಕಡೆ ಅದಕ್ಕೆ ದಬದಬಿ ಎನ್ನುತ್ತಾರೆ. ಶ್ರಾವಣದಲ್ಲಿ ಒಂದು ದಿನ ಅಪ್ಪ ಕಿರಾಣಿ ಅಂಗಡಿಗೆ ಬೀಗ ಹಾಕಿದನೆಂದರೆ, ಅವ್ವ, ಅಪ್ಪನ ತಾಯಿಯಾದ ನನ್ನ ಅಜ್ಜಿ, ಅಪ್ಪ ಮತ್ತು ನಾನು ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದೆವು. ಅರ್ಧ ದಾರಿಯಲ್ಲಿ ಹಾಸುಬಂಡೆ ಸಿಕ್ಕಿದೊಡನೆ ಅಪ್ಪ ರುಮಾಲು ತಲೆಗಿಟ್ಟುಕೊಂಡು ಮಲಗಿಬಿಡುತ್ತಿದ್ದ. ಗುಡ್ಡ ನೋಡಲು ಬಂದು ಗೊರಕೆ ಹೊಡೆಯುತ್ತಾನೆ ಎಂದು ಮಗನನ್ನು ಬೈಯುತ್ತಲೇ ಅಜ್ಜಿಯೂ ಅಲ್ಲಿ ಕಾಲು ಚಾಚುತ್ತಿದ್ದಳು. ಅವ್ವ ಮಾತ್ರ ಕೂರುತ್ತಿರಲಿಲ್ಲ. ನನ್ನ ಕೈ ಹಿಡಿದು ದಬದಬಿಯವರೆಗೂ ಎಳೆದುಕೊಂಡು ಹೋಗುತ್ತಿದ್ದಳು.

ಅಲ್ಲಿ ನಮ್ಮದೊಂದು ವಿಚಿತ್ರ ಆಟ. ಬೀಳುವ ನೀರಿನ ಹಿಂದೆ, ಬಂಡೆಯಲ್ಲಿ, ಒಬ್ಬರು ಮುದುಡಿ ಕೂರುವಷ್ಟು ಜಾಗವಿತ್ತು. ನನ್ನನ್ನು ಅಲ್ಲಿ ಕೂರಿಸಿ ಅವ್ವ ಆಚೆಗಿನ ಗವಿಯ ಬಾಯಿಗೆ ಹೋಗಿ ನಿಲ್ಲುತ್ತಿದ್ದಳು. ಅವಳು ಸೆರಗು ಬೀಸಿದೊಡನೆ ನಾನು ಗಂಟಲು ಹರಿಯುವ ಹಾಗೆ ಕೂಗಬೇಕು.

"ಕೂಗಿದೇನು?" ಎಂದು ಓಡಿ ಬಂದು ಕೇಳುವಳು.

"ಕೂಗೀನಿ. ಕೇಳ್ತೇನು?"

"ಇಲ್ಲವಾ, ಒಟ್ಟ ಕೇಳಲಿಲ್ಲ."

ಹಾಗೆನ್ನುವಾಗ ಅವಳ ಮುಖ ಅರಳಿರುತ್ತಿತ್ತು. ಮಗಳು ಕೂಗಿದ್ದು ಕೇಳಿಸದಿದ್ದರೆ ಖುಷಿಪಡುವ ತಾಯಿಯನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ನನಗೋ ಹುಟ್ಟಿದಾಗಿನಿಂದ ಯಾಕೆ ಎಂದು ಕೇಳುವ ಚಟ. ನೀರು ಸೇದುವಾಗ, ರೊಟ್ಟಿ ಬಡಿಯುವಾಗ, ಹೊತ್ತುಗೊತ್ತಿಲ್ಲದೆ ಅವಳ ತಲೆ ತಿಂದೆ. ಶಾಲೆಯಲ್ಲಿ ಉರ್ದು ಪಾಠ ಹೋಗಿ ಕನ್ನಡ ಬಂದು, ಇನ್ನು ಹೈದರಾಬಾದ್ ಬಿಟ್ಟು ಮೈಸೂರಿಗೆ ಸೇರುತ್ತೇವಂತೆ ಎಂದು ಅಂಗಡಿಯ ಕಟ್ಟೆಯ ಮೇಲೆ ಜನ ಮಾತಾಡಿಕೊಳ್ಳುತ್ತಿದ್ದ ಕಾಲ. ಒಂದು ದಿನ ಸಾಕಾಗಿ ಅವ್ವ ಹೇಳಿಬಿಟ್ಟಳು.

ಪೊಲೀಸ್ ಆ್ಯಕ್ಷನ್‌ಗೆ ಮುಂಚಿನ, ಹೈದರಾಬಾದ್ ಇನ್ನೂ ಭಾರತಕ್ಕೆ ಸೇರಿರದ ಗದ್ದಲದ ಮಳೆಗಾಲವಂತೆ. ಲೂಟಿ ಮಾಡುವವರು ಬರುತ್ತಿದ್ದಾರೆ ಎಂಬ ಸುದ್ದಿಗೆ ಓಣಿಯವರೆಲ್ಲ ಆ ಗವಿಯಲ್ಲಿ ಅಡಗಿದ್ದರು. ಅಪ್ಪ ಸಂಸ್ಥಾನದ ಗಡಿಯಾಚೆ ಹೋಗಿದ್ದ. ನಾನು ಮೊಲೆ ಕುಡಿಯುವ ಕೂಸು. ಮೈಯಲ್ಲಿ ಜ್ವರ, ಅಳು ನಿಲ್ಲದು. ಇದರ ಅಳುವಿಗೆ ಎಲ್ಲರೂ ಸಿಕ್ಕಿಬೀಳುತ್ತೇವೆ ಎಂದು ಗವಿಯೊಳಗೆ ಗುಸುಗುಸು ಎದ್ದಾಗ, ಕೂಸನ್ನು ಎತ್ತಿಕೊಂಡು ದಬದಬಿಯ ಹಿಂದೆ ಹೋಗು ಎಂದವಳು ಅಜ್ಜಿ. ಅವ್ವ ಹೋದಳು. ಬೆಳಗಿನಿಂದ ಸಂಜೆಯವರೆಗೂ ನಾನು ಅಳುತ್ತಲೇ ಇದ್ದೆನಂತೆ. ಒಂದು ತುಂಡು ರೊಟ್ಟಿ ಹಿಡಿದು ಯಾರೂ ಬರಲಿಲ್ಲ.

"ಕೇಳಿದ್ರ ನಿಮ್ಮಜ್ಜಿ ಬರ್ತಿದ್ಳು," ಎಂದಳು ಅವ್ವ. "ನೀರಿನ ಸಪ್ಪಳಕ್ಕ ಕೇಳಿಲ್ಲ."

ಅದೊಂದನ್ನು ನಂಬಿಕೊಂಡೇ ಅವಳು ಅಷ್ಟು ವರ್ಷ ಅಜ್ಜಿಯೊಡನೆ ಒಂದೇ ಸೂರಿನಡಿ ಬಾಳಿದ್ದಳು. ಅದು ನಿಜವೇ ಎಂದು ವರ್ಷಕ್ಕೊಮ್ಮೆ ನನ್ನನ್ನು ಕೂಗಿಸಿ ನೋಡಿಕೊಳ್ಳುತ್ತಿದ್ದಳು.

ನನ್ನ ಚಟ ಅಷ್ಟಕ್ಕೇ ತೀರಲಿಲ್ಲ. ಮುಂದಿನ ಶ್ರಾವಣದಲ್ಲಿ ಹಾಸುಬಂಡೆಯ ಮೇಲೆ ಅಜ್ಜಿಯನ್ನೇ ಕೇಳಿದೆ: "ಅಜ್ಜಿ, ನಾ ಅತ್ತದ್ದು ನಿನಗ ಗವಿಯೊಳಗ ಕೇಳಿತ್ತೇನು?"

ಅಜ್ಜಿ ಅವ್ವನ ಕಡೆ ನೋಡಿದಳು. ಕೋಲು ಊರಿ ಎದ್ದು, ತಾನೂ ಮೇಲೆ ಬರುತ್ತೇನೆ ಎಂದು ನಮ್ಮ ಹಿಂದೆ ಹೊರಟಳು.

ಆ ವರ್ಷ ಮಳೆ ಜೋರು. ದಬದಬಿ ಕೆಂಪಗೆ, ದಪ್ಪಗೆ ಬೀಳುತ್ತಿತ್ತು. ನಾನು ಒಳಗೆ ಕುಳಿತು, ಸೆರಗು ಬೀಸಿದ್ದು ನೋಡಿ, ಜೀವ ಹೋಗುವ ಹಾಗೆ ಕೂಗಿದೆ. ಆಮೇಲೆ ತೊಯ್ದ ಲಂಗ ಎತ್ತಿಕೊಂಡು ಗವಿಯತ್ತ ಓಡಿದೆ.

"ಕೇಳಲಿಲ್ಲ ಅಲ್ರೀ ಅತ್ತಿ?" ಎಂದು ಅವ್ವ ಕೇಳುತ್ತಿದ್ದಳು. ಅವಳು ಅಜ್ಜಿಯನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಇವತ್ತ ಕೇಳಲಿಲ್ಲ," ಎಂದಳು ಅಜ್ಜಿ. "ಅವತ್ತ ನೀರು ಇಷ್ಟ ಇರಲಿಲ್ಲ ಬೇ, ಸಣ್ಣಗ ಬೀಳ್ತಿತ್ತು. ಕೂಸು ಅತ್ತದ್ದೆಲ್ಲಾ ನನಗ ಕೇಳ್ತು. ಅಳು ನಿಂತ್ರ ಜೀವ ಹೋತು ಅಂತ ಕಿವಿಗೊಟ್ಟು ಕುಂತಿದ್ದೆ. ಬರಾಕ ಕಾಲು ಏಳಲಿಲ್ಲ. ಅಂಜಿದ್ದೆ."

ನನಗೆ ಅಜ್ಜಿಯ ಮೇಲೆ ಕೆಟ್ಟ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವ್ವ ಅಳಲಿಲ್ಲ. ಬೀಸಿದ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಪ್ಪ ಕೆಳಗಿನಿಂದ, ಹಸಿವಾಗಿದೆ, ಬಿಚ್ಚಲೇ ಎಂದು ಬುತ್ತಿಯ ಗಂಟು ಎತ್ತಿ ತೋರಿಸಿ ಸನ್ನೆ ಮಾಡಿದ. ನಾವು ಇಳಿಯತೊಡಗಿದೆವು.

ಇಳಿಯುವ ದಾರಿ ಪಾಚಿಗಟ್ಟಿ ಜಾರುತ್ತಿತ್ತು. ಅಜ್ಜಿ ಆಸರೆಗೆಂದು ಕೈ ಚಾಚಿದಳು. ಅವ್ವ ಅದನ್ನು ಹಿಡಿಯಲಿಲ್ಲ. ನನ್ನ ಕೈಯನ್ನು ಆ ಕೈಯೊಳಗೆ ಇಟ್ಟು, "ಬಿಗಿ ಹಿಡೀರಿ," ಎಂದು ಹೇಳಿ, ಒಬ್ಬಳೇ ಮುಂದೆ ಇಳಿದಳು.