ಹತ್ತನೇ ಹೆಸರು

ನಮ್ಮ ಕಾಲೇಜಿನಲ್ಲಿ ಯಾರಿಗೂ ಬೇಡವಾದ ಕೆಲಸ ಕೊನೆಗೆ ನನ್ನ ಮೇಜಿಗೆ ಬರುತ್ತದೆ. ಅದಕ್ಕೆ ಕಾರಣ ನನ್ನ ಬಾಯಿ. ಸ್ಟಾಫ್ ಮೀಟಿಂಗಿನಲ್ಲಿ ಯಾರಾದರೂ 'ಇದು ಆಗುವ ಮಾತಲ್ಲ' ಅಂದರೆ ಸಾಕು, 'ಯಾಕಾಗಲ್ಲ?' ಎಂದು ಕೇಳಿಬಿಡುತ್ತೇನೆ. ಕೇಳಿದವಳೇ ಮಾಡಬೇಕು. ಥಾಯ್ಲೆಂಡಿನ ಒಂದು ಕೃಷಿ ಕಾಲೇಜಿನವರು ನಮ್ಮ ವಿದ್ಯಾರ್ಥಿಗಳನ್ನು ಮೂರು ವಾರದ ಅಧ್ಯಯನಕ್ಕೆ ಕರೆದಾಗಲೂ ಹೀಗೇ ಆಯಿತು. ಪಾಂಡವಪುರದ ಮಕ್ಕಳು ವಿಮಾನ ಹತ್ತಿ ಕಬ್ಬು ನೋಡಲು ಹೋಗುವುದೆಂದರೇನು, ಆಗುವ ಮಾತಲ್ಲ ಎಂದರು. ನಾನು ಬಾಯಿ ಬಿಟ್ಟೆ. ಟಿಕೆಟ್ ಮಾಡಿಸುವುದು, ಮಕ್ಕಳನ್ನು ಕರೆದುಕೊಂಡು ಹೋಗಿ ಬರುವುದು, ಎರಡೂ ನನ್ನ ತಲೆಗೆ ಬಂತು.

ಪಾಲಹಳ್ಳಿಯಲ್ಲಿ ಹುಟ್ಟಿ, ಪಾಂಡವಪುರದಲ್ಲಿ ಸಂಸಾರ ಹೂಡಿ, ಇಪ್ಪತ್ತಾರು ವರ್ಷದಿಂದ ಕೃಷಿ ಅರ್ಥಶಾಸ್ತ್ರ ಪಾಠ ಹೇಳುತ್ತಿರುವ ನಾನು ಅಲ್ಲಿಯವರೆಗೆ ಗುಂಪಾಗಿ ಬುಕ್ ಮಾಡಿದ್ದು ಮದುವೆ ದಿಬ್ಬಣದ ಬಸ್ಸು ಮಾತ್ರ. ಅದರಲ್ಲಿ ಲೆಕ್ಕ ಯಾರಿಗೆ ಬೇಕು? ಇನ್ನೆರಡು ಜನ ಬಂದರೆ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂರಿಸಿದರಾಯಿತು. ವಿಮಾನದ ಗುಂಪು ಹಾಗಲ್ಲ ಎಂದು ಮೈಸೂರಿನ ಟ್ರಾವೆಲ್ ಏಜೆಂಟು ಫೋನಿನಲ್ಲಿ ತಾಳ್ಮೆಯಿಂದ ಬಿಡಿಸಿ ಹೇಳಿದರು. "ಹತ್ತು ಜನ ಇದ್ರೆ ಗ್ರೂಪು ಮೇಡಂ. ಒಂಬತ್ತಾದ್ರೆ ಮಾಮೂಲಿ ಜನ." ನಾವು ಸರಿಯಾಗಿ ಹತ್ತು: ಒಂಬತ್ತು ವಿದ್ಯಾರ್ಥಿಗಳು, ನಾನು. ಮೊದಲು ಸೀಟು ಹಿಡಿದಿಡುತ್ತಾರೆ. ಹೇಳಿದ ದಿನದೊಳಗೆ ಹತ್ತೂ ಹೆಸರು, ಹತ್ತೂ ಪಾಸ್‌ಪೋರ್ಟಿನ ಫೋಟೊ ಕಳಿಸಬೇಕು. ಒಂದು ಕಮ್ಮಿಯಾದರೂ ಗುಂಪೇ ರದ್ದು, ಹಿಡಿದಿಟ್ಟ ಸೀಟೆಲ್ಲ ಹೋದಂತೆ.

ದಿನ ಗೊತ್ತುಮಾಡುವಾಗ ನಾನೊಂದು ದೊಡ್ಡ ತಪ್ಪು ಮಾಡಿದೆ. ಮನೆಯವರನ್ನೆಲ್ಲ ಕಾಲೇಜಿಗೆ ಕರೆಸಿ, ಯಾವತ್ತು ಹೊರಟರೆ ಅನುಕೂಲ ಎಂದು ಕೇಳಿದೆ. ಕೇಳಬಾರದಿತ್ತು. ಕೆ.ಆರ್. ಪೇಟೆಯ ಒಬ್ಬ ತಾತ ಮಂಗಳವಾರ ಕೂಡದೆಂದರು. ನಾಗಮಂಗಲದ ಒಬ್ಬ ತಾಯಿ ಶುಕ್ರವಾರ ಹೆಣ್ಣುಮಗಳನ್ನು ಹೊಸಿಲು ದಾಟಿಸುವುದಿಲ್ಲ ಎಂದರು. ಥಾಯ್ಲೆಂಡ್ ಯಾವ ದಿಕ್ಕಿಗಿದೆ ಎಂದು ಇನ್ನೊಬ್ಬರು ಕೇಳಿದರು. ಪೂರ್ವಕ್ಕೆ ಎಂದೆ. ಹಾಗಾದರೆ ಸೋಮವಾರವೂ ಶನಿವಾರವೂ ಶೂಲೆ, ಆ ದಿಕ್ಕಿಗೆ ಹೋಗುವಂತಿಲ್ಲ ಎಂದರು. ಶ್ರೀರಂಗಪಟ್ಟಣದಲ್ಲಿ ಗೂಡ್ಸ್ ಆಟೊ ಓಡಿಸುವ ಸಾಬರೊಬ್ಬರ ಮಗ ನಮ್ಮ ಗುಂಪಿನಲ್ಲಿದ್ದ. ಅವರು ಎಲ್ಲರ ಮಾತೂ ಮುಗಿಯುವವರೆಗೆ ಕಾದು, "ನಮ್ದು ಏನಿಲ್ಲ ಮೇಡಂ, ಜುಮ್ಮಾ ನಮಾಜ್ ಹೊತ್ತೊಂದು ಬುಟ್ಟು ಯಾವಾಗ್ಲಾದ್ರೂ ಸರಿ. ಆದ್ರೆ ಇವ್ರೆಲ್ಲ ಸೇರಿ ವಾರದಾಗೆ ಏನೂ ಉಳ್ಸಂಗೆ ಕಾಣ್ಸಕ್ಕಿಲ್ಲ" ಎಂದರು. ಎಲ್ಲರೂ ನಕ್ಕರು, ಆದರೆ ಯಾರೂ ಹಟ ಬಿಡಲಿಲ್ಲ.

ಹತ್ತು ಸೀಟು ಒಟ್ಟಿಗೆ ಸಿಗುವುದು ಮಂಗಳವಾರ ಮಾತ್ರ ಎಂದು ಏಜೆಂಟು ಹೇಳಿದಾಗ ನನಗೆ ರೇಗಿತು. ಇನ್ನೊಂದು ಸಭೆ ಕರೆದೆ. "ಅಲ್ಲಾ ಸ್ವಾಮಿ, ನಮ್ಮ ಹಿರೀಕರಿಗೆ ಮಂಗಳವಾರ ಕೋರ್ಟಿನ ವಾಯಿದೆ ಬೀಳ್ತಿರಲಿಲ್ವಾ? ಜಡ್ಜಿಗೆ ಶೂಲೆ ಇದೆ ಅಂತ ಹೇಳ್ತಿದ್ರಾ? ಪರಸ್ತಾನ ಇಟ್ಟು ಹೋಗ್ತಿರಲಿಲ್ವಾ?" ಎಂದೆ. ಸಭೆ ತಣ್ಣಗಾಯಿತು. ಪರಸ್ತಾನ ಎಲ್ಲರಿಗೂ ಗೊತ್ತು, ಮರೆತಿದ್ದರು ಅಷ್ಟೆ. ಒಳ್ಳೆಯ ದಿನ, ಒಳ್ಳೆಯ ಹೊತ್ತು ನೋಡಿ, ಪ್ರಯಾಣಕ್ಕೆ ಬೇಕಾದ ಮುಖ್ಯವಾದ ಒಂದು ವಸ್ತುವನ್ನು ಅಕ್ಕಿ, ಎಲೆ ಅಡಿಕೆಯ ಜೊತೆ ಬಟ್ಟೆಯಲ್ಲಿ ಕಟ್ಟಿ ಊರಾಚೆ ನೆಂಟರ ಮನೆಯಲ್ಲಿ ಇಡುವುದು. ಗಂಟು ಹೊರಟರೆ ಮನುಷ್ಯ ಹೊರಟಂತೆ. ಆಮೇಲೆ ಮಂಗಳವಾರವಾಗಲಿ ಅಮಾವಾಸ್ಯೆಯಾಗಲಿ, ಅದನ್ನೆತ್ತಿಕೊಂಡು ಮುಂದಕ್ಕೆ ಹೋದರೆ ದೋಷವಿಲ್ಲ. ನಡುವೆ ಗಂಟು ಬಿಚ್ಚಬಾರದು, ಮನೆಗೆ ವಾಪಸ್ ತರಬಾರದು. ನಮ್ಮಜ್ಜ ತನ್ನ ಛತ್ರಿ ಇಟ್ಟು ಬರುತ್ತಿದ್ದ. ತಾತ ತಲೆದೂಗಿದರು, ತಾಯಂದಿರು ಒಪ್ಪಿದರು. ನನ್ನ ಜಾಣತನಕ್ಕೆ ನಾನೇ ಬೀಗಿಕೊಂಡು ಮನೆಗೆ ಹೋದೆ.

ಹೆಸರು ಕಳಿಸಲು ಕೊಟ್ಟ ಗಡುವು ಒಂದು ಶನಿವಾರ ಸಂಜೆ ನಾಲ್ಕು ಗಂಟೆ. ಅದಕ್ಕೆ ಸರಿಯಾಗಿ ಹತ್ತು ದಿನದ ಮೇಲೆ, ಮಂಗಳವಾರ, ವಿಮಾನ. ಶುಕ್ರವಾರದ ಹೊತ್ತಿಗೆ ನನ್ನದೂ ಸೇರಿ ಒಂಬತ್ತು ಪಾಸ್‌ಪೋರ್ಟು ಬಂದಿದ್ದವು. ಹತ್ತನೆಯದು ಹೊಣಕೆರೆ ಕಡೆಯ ಒಂದು ಹುಡುಗಿಯದು.

ಅವಳ ಬಗ್ಗೆ ಹೇಳಬೇಕು. ಅಪ್ಪ ಇಲ್ಲ. ತಾಯಿ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ಬೆಳಗ್ಗೆ ಹಾಲು ಕರೆದುಕೊಟ್ಟು, ಎರಡು ಬಸ್ಸು ಬದಲಿಸಿ, ಮೊದಲನೇ ಪೀರಿಯಡ್ಡಿಗೆ ಏದುಸಿರು ಬಿಡುತ್ತಾ ಬರುವ ಹುಡುಗಿ. ಈ ಪ್ರವಾಸಕ್ಕೆ ಎಲ್ಲರೂ ಇಂಟರ್ನೆಟ್ಟಿನಿಂದ ಎತ್ತಿದ ಅರ್ಜಿ ಬರೆದಿದ್ದರೆ ಇವಳು ಎರಡೇ ಪುಟ ತನ್ನ ಕೈಯಲ್ಲಿ ಬರೆದಿದ್ದಳು: ನಾವು ಗದ್ದೆಯಲ್ಲಿ ಬೆಂಕಿ ಇಡುವ ಕಬ್ಬಿನ ಸೋಗೆಯನ್ನು ಅವರು ಹುಳಿ ಬರಿಸಿ ಹಸುಗಳಿಗೆ ರಸಮೇವು ಮಾಡುತ್ತಾರಂತೆ, ಅದನ್ನು ನಾನು ಕಣ್ಣಾರೆ ನೋಡಬೇಕು. ಓದಿದ ದಿನವೇ ನಾನು ನಿರ್ಧರಿಸಿದ್ದೆ, ಯಾರು ಬರಲಿ ಬಿಡಲಿ, ಇವಳು ಬರಬೇಕು.

ಶನಿವಾರ ಮಧ್ಯಾಹ್ನ ಒಂದೂವರೆಗೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಪಾಸ್‌ಪೋರ್ಟ್ ಬಂತು ಮಿಸ್. ಗುರುವಾರವೇ ಬಂತು, ನಾನು ಕಾಲೇಜಲ್ಲಿದ್ದಾಗ."

"ತಾ ಮತ್ತೆ."

"ಇಲ್ಲ ಮಿಸ್. ಅವ್ವ ಪರಸ್ತಾನಕ್ಕೆ ಕಟ್ಬುಟ್ಟೈತೆ. ನಮ್ಮಾವ ಬಂದು ಸಿಂಧಘಟ್ಟಕ್ಕೆ ತಕ್ಕೊಂಡೋಗಿ ಇಟ್ಕೊಂಡೈತೆ. ನೆನ್ನೆಯೆಲ್ಲ ಕೇಳ್ಕೊಂಡ್ರೂ ಅವ್ವ ಬಿಚ್ಚಾಕೆ ಆಗಕ್ಕಿಲ್ಲ ಅಂತೈತೆ."

ನಾನು ತಲೆ ಹಿಡಿದುಕೊಂಡೆ. "ಪಾಸ್‌ಪೋರ್ಟ್ ಯಾಕೆ ಕಟ್ಟಿದ್ರು? ಒಂದು ಚಪ್ಪಲಿ ಇಟ್ಟಿದ್ರೆ ಆಗ್ತಿರಲಿಲ್ವಾ?"

"ನೀವೇ ಯೋಳಿದ್ರಂತಲ್ಲ ಮಿಸ್, ಮುಖ್ಯವಾದ್ದನ್ನೇ ಇಡ್ಬೇಕು ಅಂತ. ವಿಮಾನಕ್ಕೆ ಪಾಸ್‌ಪೋರ್ಟಿಗಿಂತ ಮುಖ್ಯವಾದ್ದು ಏನೈತೆ?"

ಅವಳ ತಾಯಿಯದು ಎಳ್ಳಷ್ಟೂ ತಪ್ಪಿರಲಿಲ್ಲ. ತಪ್ಪು ನನ್ನದು, ಸಭೆಯಲ್ಲಿ ಜಂಬದಿಂದ ಭಾಷಣ ಮಾಡಿದವಳದು.

ಸುದ್ದಿ ನನಗಿಂತ ಮುಂಚೆ ಪ್ರಿನ್ಸಿಪಾಲರ ಕೋಣೆ ಸೇರಿತ್ತು. ಅವರು ಕೂರಲು ಹೇಳಿ, ಒಂದು ಪಾಸ್‌ಪೋರ್ಟಿನ ಜೆರಾಕ್ಸನ್ನು ನನ್ನ ಮುಂದೆ ಸರಿಸಿದರು. ಆಡಳಿತ ಮಂಡಳಿಯ ಒಬ್ಬ ಸದಸ್ಯರ ಅಣ್ಣನ ಮಗ, ಕಾಮರ್ಸ್ ಓದುವವನು. "ಹತ್ತನೇ ಹೆಸರಿಗೆ ಇವನದು ಹಾಕಿ ಮೇಡಂ. ಯಾರಿಗೂ ತೊಂದರೆ ಇಲ್ಲ, ಗ್ರೂಪೂ ಉಳಿಯುತ್ತೆ." ಜೆರಾಕ್ಸು ಆ ದಿನ ತೆಗೆಸಿದ್ದಲ್ಲ, ಅಂಚು ಮುದುರಿ ಮಾಸಿತ್ತು. ಎಷ್ಟು ದಿನದಿಂದ ಆ ಡ್ರಾಯರಿನಲ್ಲಿ ಕಾಯುತ್ತಿತ್ತೋ.

"ಇವನಿಗೂ ಕಬ್ಬಿಗೂ ಏನು ಸಂಬಂಧ ಸರ್? ಜ್ಯೂಸ್ ಕುಡಿದಿರಬಹುದು ಅಷ್ಟೆ," ಎಂದೆ.

"ನಾಲ್ಕು ಗಂಟೆಗೆ ಅವಳದು ಬರದಿದ್ದರೆ? ಉಳಿದ ಎಂಟು ಮಕ್ಕಳ ಮನೆಯವರಿಗೆ ನೀವೇ ಉತ್ತರ ಕೊಡಬೇಕಾಗುತ್ತೆ."

"ಕೊಡ್ತೀನಿ," ಎಂದು ಎದ್ದುಬಂದೆ. ಒಬ್ಬಳಿಗೋಸ್ಕರ ಎಲ್ಲರದನ್ನೂ ಪಣಕ್ಕಿಡಲು ನಾನ್ಯಾರು ಎಂದು ಮೆಟ್ಟಿಲಿಳಿಯುವಾಗ ಕೇಳಿಕೊಂಡೆ. ಆದರೆ ಆ ಮಾಸಿದ ಅಂಚು ಕಣ್ಣಿಗೆ ಕಟ್ಟಿತ್ತು. ಅಪ್ಪ ಇಲ್ಲದ ಹುಡುಗಿಯ ಸೀಟು, ಯಾರೂ ಕೇಳುವವರಿಲ್ಲ, ಜಾರಿಸಿಬಿಡಬಹುದು ಎಂದು ಯಾರೋ ಮೊದಲೇ ಲೆಕ್ಕ ಹಾಕಿದ್ದರು. ಅದನ್ನು ನೆನೆದು ಮೈ ಉರಿಯಿತು. ಹುಡುಗಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ.

ಚಿನಕುರಳಿ ದಾಟುವುದರೊಳಗೆ ಮೂರು ಮನೆಯವರ ಫೋನು ಬಂತು. ಎರಡು ತೆಗೆಯಲಿಲ್ಲ. ಮೂರನೆಯದು ಶ್ರೀರಂಗಪಟ್ಟಣದ ಆಟೊದವರದು, ಗಾಡಿ ನಿಲ್ಲಿಸಿ ಮಾತಾಡಿದೆ. "ಪ್ರಿನ್ಸಿಪಾಲ್ ಸಾಹೇಬ್ರು ಎಲ್ರಿಗೂ ಫೋನ್ ಮಾಡ್ತಾವ್ರೆ ಮೇಡಂ. ಆ ಹುಡ್ಗಿ ಜಾಗಕ್ಕೆ ಬೇರೆಯೋರು ಅಂತವ್ರೆ. ನಂದೂ ಒಂದ್ ಹೆಣ್ಮಗ ಐತೆ. ನೀವು ಹೋಗಿ, ಅಲ್ಲಾ ಅವ್ನೆ," ಎಂದರು. ಫೋನು ಬ್ಯಾಗಿಗೆ ಹಾಕಿ ಮತ್ತೆ ಗಾಡಿ ಸ್ಟಾರ್ಟ್ ಮಾಡಿದೆ.

ಸಿಂಧಘಟ್ಟ ಮುಟ್ಟಿದಾಗ ಮೂರು ಗಂಟೆ ದಾಟಿತ್ತು. ಮಾವ, ಅಂದರೆ ಅವಳ ತಾಯಿಯ ಅಣ್ಣ, ಜಗಲಿಯಲ್ಲಿ ಕುಳಿತು ಟ್ರಾಕ್ಟರಿನ ಯಾವುದೋ ಬಿಡಿಭಾಗ ಒರೆಸುತ್ತಿದ್ದರು. ಎದ್ದು ನಿಂತು ಮರ್ಯಾದೆಯಿಂದ ಕರೆದರು, ಮಜ್ಜಿಗೆ ತರಿಸಿದರು. ಒಳಗೆ ಪಡಸಾಲೆಯ ತೊಲೆಗೆ ಹಳದಿ ಬಟ್ಟೆಯ ಗಂಟು ತೂಗುಹಾಕಿತ್ತು. ನಾನು ವಿಷಯ ಹೇಳಿದೆ. ಒಂದೇ ಒಂದು ಫೋಟೊ ತೆಗೆದು ಮತ್ತೆ ಹಾಗೇ ಕಟ್ಟಿಬಿಡೋಣ ಎಂದೆ.

"ಆಗಕ್ಕಿಲ್ಲ ಮೇಡಂ. ಬಿಚ್ಚಿದ್ರೆ ಪರಸ್ತಾನ ಮುರುದಂಗೆ. ಮತ್ತೆ ಒಳ್ಳೆ ದಿನ ಈ ತಿಂಗ್ಳಲ್ಲಿ ಇಲ್ಲ ಅಂತ ಅಯ್ನೋರು ಯೋಳವ್ರೆ."

"ನಾಲ್ಕು ಗಂಟೆಯೊಳಗೆ ಕಳಿಸದಿದ್ರೆ ಅವಳ ಸೀಟೇ ಹೋಗುತ್ತೆ."

"ಹೋದ್ರೆ ಹೋಗ್ಲಿ ಬುಡಿ," ಎಂದರು ನಿಧಾನವಾಗಿ. ಅಲ್ಲಿಗೆ ನನಗೆ ಅರ್ಥವಾಯಿತು. ಗಂಟಿನ ಕತೆ ನೆಪ. ಮಜ್ಜಿಗೆಯ ಲೋಟ ಕೆಳಗಿಟ್ಟು ನೇರವಾಗಿ ಕೇಳಿದೆ, ನಿಮಗೆ ಕಳಿಸುವುದಕ್ಕೇ ಇಷ್ಟವಿಲ್ಲ ಅಲ್ಲವಾ ಎಂದು. ಅವರೂ ಮುಚ್ಚುಮರೆ ಮಾಡಲಿಲ್ಲ. "ಆ ದೇಸಕ್ಕೆ ಗಂಡಸ್ರು ಯಾಕೋಯ್ತಾರೆ ಗೊತ್ತಾ ಮೇಡಂ ನಿಮ್ಗೆ? ನಾಳೆ ಇವ್ಳು ಅಲ್ಲಿಗೋಗಿದ್ಲು ಅಂದ್ರೆ ಯಾರು ಬಂದು ಹೆಣ್ಣು ಕೇಳ್ತಾರೆ?"

"ಗಂಡಸ್ರು ಯಾಕೆ ಹೋಗ್ತಾರೋ ಅದನ್ನ ಗಂಡಸ್ರನ್ನ ಕೇಳಿ. ಅವರ ಯೋಗ್ಯತೆಗೆ ಇವಳು ಯಾಕೆ ಮನೇಲಿ ಕೂರಬೇಕು?" ನನ್ನ ದನಿ ಬೀದಿಗೆ ಕೇಳುವಷ್ಟು ಏರಿತ್ತು. ಎದುರು ಮನೆಯ ಇಬ್ಬರು ಹೆಂಗಸರು ಬಂದು ನಿಂತರು. ನಾಚಿಕೆಯೇನೂ ಆಗಲಿಲ್ಲ. ಆದರೆ ಕೂಗಾಟದಿಂದ ಆ ಮನುಷ್ಯ ಬಗ್ಗುವುದಿಲ್ಲ ಎಂಬುದೂ ಕಾಣುತ್ತಿತ್ತು. ಗಡಿಯಾರ ಮೂರೂವರೆ ತೋರಿಸುತ್ತಿತ್ತು.

ಅಷ್ಟುಹೊತ್ತು ಕಂಬಕ್ಕೆ ಒರಗಿ ನಿಂತಿದ್ದ ಹುಡುಗಿ ಆಗ ಬಾಯಿ ಬಿಟ್ಟಳು.

"ಮಾವ, ಹೊಂಟೋರು ಬಂದು ಗಂಟು ಎತ್ಕೊಂಡು ಮುಂದಕ್ಕೋದ್ರೆ ಪರಸ್ತಾನ ಮುರೀತದಾ?"

"ಅದ್ಯಾಕೆ ಮುರೀತದೆ? ಅದ್ಕೇ ತಾನೆ ಇಡೋದು."

"ಅಂಗಾರೆ ನಾನು ಹೊಂಟೆ. ಈಗ್ಲೇ."

ಮಾವನಿಗೆ ಏನೆಂದು ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅವಳು ಪಡಸಾಲೆಗೆ ನಡೆದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಗಂಡನ ಮುಖವನ್ನೂ ನೋಡದೆ ಒಂದು ಸ್ಟೂಲು ತಂದು ತೊಲೆಯ ಕೆಳಗಿಟ್ಟರು. ಹುಡುಗಿ ಹತ್ತಿ ತೊಲೆಯಿಂದ ಗಂಟನ್ನು ಕಳಚಿಕೊಂಡು ಇಳಿದಳು, ಎದೆಗವಚಿಕೊಂಡು ಅಂಗಳಕ್ಕೆ ಬಂದು ನಿಂತಳು.

"ಹೊಂಟ್ಮೇಲೆ ಮನೆಗೆ ತಿರುಗ್ಬಾರ್ದು ಕಣೇ," ಎಂದರು ಮಾವ. ದನಿ ಮೊದಲಿನಂತಿರಲಿಲ್ಲ. "ವಿಮಾನಕ್ಕೆ ಇನ್ನೂ ಹತ್ತು ದಿನ ಐತೆ. ಅಲ್ಲೀಗಂಟ ಎಲ್ಲಿರ್ತೀಯ?"

ಆ ಹದಿನೆಂಟು ಹತ್ತೊಂಬತ್ತರ ಹುಡುಗಿ ಅದನ್ನು ಯೋಚಿಸದೆಯೇ ಅಂಗಳಕ್ಕಿಳಿದಿದ್ದಳು. "ನಮ್ಮನೇಲಿ," ಎಂದೆ ನಾನು. ಮನೆಯಲ್ಲಿ ಗಂಡನನ್ನು ಒಂದು ಮಾತು ಕೇಳಿರಲಿಲ್ಲ, ಇದ್ದುದೇ ಎರಡು ಕೋಣೆ. "ನಮ್ಮನೇಲಿರ್ತಾಳೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಕೇಳಿ."

ಹೊರಟವಳೇ ಎತ್ತಿಕೊಂಡ ಮೇಲೆ ಬಿಚ್ಚಲು ಅಡ್ಡಿಯಿರಲಿಲ್ಲ, ಅಂಗಳದ ಕಲ್ಲಿನ ಮೇಲೆ ಗಂಟು ಬಿಚ್ಚಿದೆವು. ಅಕ್ಕಿ, ಬಾಡಿದ ವೀಳ್ಯದೆಲೆ, ಎರಡು ಅಡಿಕೆ, ಅವುಗಳ ನಡುವೆ ಅರಿಸಿನ ಕುಂಕುಮ ಹಚ್ಚಿದ ಪಾಸ್‌ಪೋರ್ಟು. ಕುಂಕುಮ ಫೋಟೊದ ಪುಟಕ್ಕೆ ತಾಗಿರಲಿಲ್ಲ, ಪುಣ್ಯ. ಸಿಗ್ನಲ್ ಒಂದು ಕಡ್ಡಿಯಿತ್ತು. ಬೀದಿಯ ತುದಿಯವರೆಗೆ ನಡೆದು, ಫೋನು ಎತ್ತಿ ಹಿಡಿದು, ನಾಲ್ಕಕ್ಕೆ ಹನ್ನೆರಡು ನಿಮಿಷವಿರುವಾಗ ಕಳಿಸಿದೆ. 'ಹತ್ತೂ ಬಂತು ಮೇಡಂ' ಎಂದು ಏಜೆಂಟಿನ ಉತ್ತರ ಬಂದಾಗ ಬೀದಿಯಲ್ಲೇ ಕೂತುಬಿಟ್ಟೆ.

ಸಂಜೆ ಪಾಂಡವಪುರದ ನಮ್ಮ ಮನೆಯಲ್ಲಿ ಅವಳು ಬಚ್ಚಲಿಗೆ ಹೋಗಿದ್ದಾಗ ಪ್ರಿನ್ಸಿಪಾಲರ ಫೋನು ಬಂತು. ಸೋಮವಾರ ಲಿಖಿತ ವಿವರಣೆ ಕೊಡಬೇಕೆಂದರು. ಎರಡು ಪುಟ ಕೊಡುತ್ತೇನೆ, ಅದರಲ್ಲಿ ಜೆರಾಕ್ಸಿನ ವಿಷಯವೂ ಇರುತ್ತದೆ ಎಂದೆ. ಆಮೇಲೆ ಅವರು ವಿವರಣೆಯ ಸುದ್ದಿ ಎತ್ತಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವಳ ತಾಯಿ ಫೋನು ಮಾಡಿದರು. ಅಣ್ಣ ಎಲ್ಲ ಹೇಳಿದ್ದರು. ಹುಡುಗಿಗೆ ಒಬ್ಬಳೇ ಮಾತಾಡಲು ಹೆದರಿಕೆ, ಸ್ಪೀಕರ್ ಹಾಕಿ ನನ್ನ ಪಕ್ಕ ಕೂತಳು. ಅಂಗಳದಲ್ಲಿ ತೋರಿದ ಗಟ್ಟಿತನವೆಲ್ಲ ಇಳಿದುಹೋಗಿತ್ತು. "ಅವ್ವಾ, ನಾಳೆ ಮನೆಗೆ ಬರ್ತೀನಿ ಕಣವ್ವ, ಶಾಸ್ತ್ರ ಏನಾರ ಆಗ್ಲಿ," ಎಂದು ಅಳತೊಡಗಿದಳು. ಬೇಕಾದರೆ ನಾಳೆ ನಾನೇ ಬಿಟ್ಟುಬರುತ್ತೇನೆ ಎಂದು ಬಾಯಿ ತೆರೆದೆ.

"ಬರ್ಬ್ಯಾಡ," ಎಂದರು ತಾಯಿ.

ಅವರ ಹಿಂದೆ ಎಲ್ಲೋ ಹಸು ಕೂಗುವುದು ಕೇಳುತ್ತಿತ್ತು.

"ನೀನು ಬಂದ್ರೆ ಮತ್ತೆ ಕಳ್ಸಾಕೆ ನನ್ ಕೈಲಾಗಕ್ಕಿಲ್ಲ ಮಗ. ಅಲ್ಲಿಂದ್ಲೇ ಹೋಗು."